ಲೆಕ್ಕಕ್ಕುಂಟು, ಆಟಕ್ಕಿಲ್ಲ



ಮುಂದಿನ ತಿಂಗಳು ನಮ್ಮ ಶಾಲೆಯ ಮಕ್ಕಳು ರಸೀತಿ ಪುಸ್ತಕ ಹಿಡಿದುಕೊಂಡು ಮತ್ತೆ ನಿಮ್ಮ ಮನೆ ಬಾಗಿಲಿಗೆ ಬರುತ್ತಾರೆ. ಫುಟ್‌ಬಾಲ್ ಪಂದ್ಯಾವಳಿಯ ಟಿಕೆಟ್, ಒಂದಕ್ಕೆ 20 ರೂಪಾಯಿ. ಕೂಡಿದ ಹಣ ಶಾಲೆಯ ಹೊಸ ಆಟದ ಅಂಗಳಕ್ಕೆ. ಗಾಲಿಕುರ್ಚಿಯಲ್ಲಿ ಬರುವ ಮಗು, ಕಣ್ಣು ಕಾಣದ ಮಗು, ಬುದ್ಧಿ ನಿಧಾನವಾಗಿ ಬೆಳೆಯುವ ಮಗು, ಇವರೆಲ್ಲ ಉಳಿದ ಮಕ್ಕಳ ಜೊತೆಯಲ್ಲೇ ಆಡುವಂಥ ಅಂಗಳ ಅದಾಗಬೇಕು ಎಂಬುದು ಆಸೆ. ನಿಮ್ಮ ಕೈಲಾದಷ್ಟು ಕೊಡಿ ಎಂದು ಮೊದಲೇ ಬೇಡಿಕೊಳ್ಳುತ್ತೇನೆ. ಅದರ ಜೊತೆಗೆ ಒಂದು ಪ್ರಶ್ನೆಯನ್ನೂ ನಿಮ್ಮ ಮುಂದೆ ಇಡಬೇಕಾಗಿದೆ. ಅದು ಹುಟ್ಟಿದ್ದು ಕಳೆದ ವರ್ಷದ ಪಂದ್ಯದ ದಿನ, ನಾನೇ ಮಾಡಿದ ತಪ್ಪಿನಿಂದ.

ಆ ದಿನ ಮೈಕು ಹಿಡಿದವನು ನಾನು. ಎಂಟು ತಂಡಗಳು, ಒಂದೇ ದಿನದ ಪಂದ್ಯ. ತಮಿಳು, ತೆಲುಗು, ಕನ್ನಡ ಮೂರರಲ್ಲೂ ಕೂಗಿ ಹೇಳಬೇಕು. ನಮ್ಮ ಆರನೆಯ ತರಗತಿಯಲ್ಲಿ ಗಾಲಿಕುರ್ಚಿಯಲ್ಲಿ ಬರುವ ಒಬ್ಬ ಹುಡುಗನಿದ್ದಾನೆ. ಅವನ ತಾಯಿ ಅವನನ್ನು ಹೊಂಗೆ ಮರದ ನೆರಳಿನಲ್ಲಿ, ಟಿಕೆಟ್ ಮೇಜಿನ ಪಕ್ಕ ಕೂರಿಸಿದ್ದರು. ಎರಡನೆಯ ಪಂದ್ಯ ಮುಗಿದಾಗ ನಾನು ಅವನ ಕಡೆ ಕೈ ತೋರಿಸಿ, ಹೆಸರು ಹಿಡಿದು, ಇಂಥ ಮಕ್ಕಳಿಗಾಗಿಯೇ ನಾವು ಇಷ್ಟೆಲ್ಲ ಮಾಡುತ್ತಿರುವುದು ಎಂದು ಹೇಳಿದೆ. ಜನ ಚಪ್ಪಾಳೆ ತಟ್ಟಿದರು. ಕಾಣಿಕೆ ಡಬ್ಬಿ ಬೇಗ ಬೇಗ ತುಂಬಿತು. ನನಗೂ ಒಳ್ಳೆಯ ಕೆಲಸ ಮಾಡಿದ ಸಮಾಧಾನ.

ಊಟದ ಹೊತ್ತಿಗೆ ಆ ತಾಯಿ ನನ್ನ ಹತ್ತಿರ ಬಂದರು. "ಮೇಷ್ಟ್ರೇ, ದುಡ್ಡು ಕೂಡ್ತಾ ಇರೋದು ಸಂತೋಷ. ಆದ್ರೆ ಮೈಕಲ್ಲಿ ಅವನ ಹೆಸರು ಇನ್ನೊಂದ್ಸಲ ಹೇಳ್ಬ್ಯಾಡಿ. ಬೆಳಿಗ್ಗೆಯಿಂದ ಎಲ್ರೂ ಅವನನ್ನ ನೋಡ್ತಾನೇ ಅವ್ರೆ. ಒಬ್ಬರೂ ಆಟಕ್ಕೆ ಕರೀಲಿಲ್ಲ."

ಅವರ ದನಿಯಲ್ಲಿ ಕೋಪ ಇರಲಿಲ್ಲ. ಅದಕ್ಕೇ ನನಗೆ ಹೆಚ್ಚು ತಾಗಿತು.

ನಮ್ಮ ಬೀದಿಗಳಲ್ಲಿ ಮಕ್ಕಳು ಆಡುವಾಗ ತೀರಾ ಚಿಕ್ಕ ಮಗುವೊಂದು ನಾನೂ ಬರುತ್ತೇನೆ ಎಂದು ಹಠ ಹಿಡಿದರೆ ಅದನ್ನೂ ಸೇರಿಸಿಕೊಳ್ಳುತ್ತಾರೆ. ಅದು ಓಡಲಿ, ಕೂಗಲಿ, ಸಿಕ್ಕಿಬಿದ್ದರೂ ಔಟಿಲ್ಲ. ಅಂಥವರನ್ನು 'ಆಟಕ್ಕುಂಟು ಲೆಕ್ಕಕ್ಕಿಲ್ಲ' ಎನ್ನುತ್ತೇವೆ. ಆ ಹುಡುಗನ ವಿಷಯದಲ್ಲಿ ಈ ಮಾತು ತಲೆಕೆಳಗಾಗಿತ್ತು. ಟಿಕೆಟ್ಟಿನ ಲೆಕ್ಕಕ್ಕೆ, ಡಬ್ಬಿಯ ಲೆಕ್ಕಕ್ಕೆ, ಕೊನೆಗೆ ಬರೆಯುವ ವರದಿಯ ಲೆಕ್ಕಕ್ಕೆ ಅವನು ಬೇಕಿದ್ದ. ಆಟಕ್ಕೆ ಮಾತ್ರ ಇರಲಿಲ್ಲ. ಅಂದಿನಿಂದ ನನ್ನನ್ನು ಕಾಡುತ್ತಿರುವ ಪ್ರಶ್ನೆ ಇದು: ಒಬ್ಬನಿಗೆ ಒಳ್ಳೆಯದನ್ನು ಮಾಡುತ್ತಲೇ ನಾವು ಅವನನ್ನು ಹೊರಗೆ ಇಟ್ಟಿರಲು ಸಾಧ್ಯವೇ?

ಫುಟ್‌ಬಾಲ್ ಆಡಿಸಿ ಪರೋಪಕಾರಕ್ಕೆ ಹಣ ಕೂಡಿಸುವುದು ನಮ್ಮ ಧರ್ಮಸಭೆಗೆ ಹೊಸದಲ್ಲ. ಸ್ಕಾಟ್ಲೆಂಡಿನ ಗ್ಲಾಸ್ಗೊ ನಗರದಲ್ಲಿ ಬ್ರದರ್ ವಾಲ್‌ಫ್ರಿಡ್ ಎಂಬ ಮಾರಿಸ್ಟ್ ಸಹೋದರರು ಶಾಲೆಯೊಂದರ ಮುಖ್ಯೋಪಾಧ್ಯಾಯರಾಗಿದ್ದರು. ಐರ್ಲೆಂಡಿನಿಂದ ವಲಸೆ ಬಂದ ಬಡ ಕಥೋಲಿಕರ ಮಕ್ಕಳು ಹಸಿದ ಹೊಟ್ಟೆಯಲ್ಲಿ ಶಾಲೆಗೆ ಬರುತ್ತಿದ್ದುದನ್ನು ಅವರು ಕಂಡರು. 1887ರ ನವೆಂಬರ್‌ನಲ್ಲಿ ಸಂತ ಮರಿಯಮ್ಮನವರ ದೇವಾಲಯದ ಸಭಾಂಗಣದಲ್ಲಿ ಸಭೆ ಸೇರಿ ಒಂದು ಫುಟ್‌ಬಾಲ್ ಸಂಘ ಕಟ್ಟಿದರು. ಪಂದ್ಯದ ಹಣದಿಂದ ಮಕ್ಕಳಿಗೆ ಊಟ ಹಾಕುವುದು ಉದ್ದೇಶ. ಇಂದು ಜಗತ್ತಿಗೆಲ್ಲ ಹೆಸರಾಗಿರುವ ಸೆಲ್ಟಿಕ್ ಸಂಘ ಹುಟ್ಟಿದ್ದು ಹೀಗೆ. 1892ರಲ್ಲಿ ಮೇಲಧಿಕಾರಿಗಳು ವಾಲ್‌ಫ್ರಿಡ್‌ರನ್ನು ಲಂಡನ್ನಿಗೆ ವರ್ಗ ಮಾಡಿದರು. 1897ರಲ್ಲಿ ಸಂಘ ಷೇರುದಾರರ ಕಂಪನಿಯಾಯಿತು. ಆಟ ದೊಡ್ಡದಾದಂತೆ ಊಟದ ಮಾತು ಹಿಂದಕ್ಕೆ ಸರಿಯಿತು. ಆ ಸಂಘ ಈಗಲೂ ದಾನಧರ್ಮ ಮಾಡುತ್ತದೆ ನಿಜ, ಆದರೆ ಹಣ ಕೂಡಿಸಲು ಹುಟ್ಟಿದ ಆಟ ತನ್ನ ಕಾರಣವನ್ನೇ ಮರೆಯುವಷ್ಟು ಬೆಳೆಯಬಲ್ಲದು ಎಂಬ ಎಚ್ಚರಿಕೆ ಅದರ ಚರಿತ್ರೆಯಲ್ಲಿದೆ.

ಹಾಗಿದ್ದೂ ವಾಲ್‌ಫ್ರಿಡ್‌ರ ಕೆಲಸ ಒಂದು ರೀತಿಯಲ್ಲಿ ನಮ್ಮದಕ್ಕಿಂತ ಸುಲಭವಾಗಿತ್ತು. ಹಸಿದ ಮಗುವಿಗೆ ಬೇಕಾದುದು ಅನ್ನ. ಟಿಕೆಟ್ಟಿನ ಹಣ ಅಂಗಡಿಗೆ ಹೋಗಿ ಅನ್ನವಾಗಿ ಮಗುವಿನ ತಟ್ಟೆಗೆ ಬರುತ್ತದೆ. ಯಾರೂ ಆಟಕ್ಕೆ ಕರೆಯದ ಮಗುವಿಗೆ ಅದೇ ಹಣದಿಂದ ಏನನ್ನು ಕೊಂಡು ತರುವುದು?

ಇದಕ್ಕೆ ಅಮೆರಿಕದ ಟೆಕ್ಸಸ್ ರಾಜ್ಯದ ಸ್ಯಾನ್ ಆಂಟೋನಿಯೊ ನಗರದಲ್ಲಿ ನಡೆದುದನ್ನು ನೋಡಬೇಕು. ಗಾರ್ಡನ್ ಹಾರ್ಟ್‌ಮನ್ ಎಂಬವರು ಅಲ್ಲಿ ಮನೆಗಳನ್ನು ಕಟ್ಟಿಸಿ ಮಾರುವ ಉದ್ಯಮಿಯಾಗಿದ್ದರು. ಅವರ ಮಗಳು ಮಾರ್ಗನ್‌ಗೆ ಬುದ್ಧಿಯ ಬೆಳವಣಿಗೆಯಲ್ಲಿ ತೊಂದರೆ. 2006ರಲ್ಲಿ ಕುಟುಂಬ ಪ್ರವಾಸ ಹೋಗಿದ್ದಾಗ ಆಕೆ ಈಜುಕೊಳದಲ್ಲಿ ಆಡುತ್ತಿದ್ದ ಮಕ್ಕಳ ಬಳಿಗೆ ಹೋದಳು. ಆ ಮಕ್ಕಳು ಆಟ ಬಿಟ್ಟು ನೀರಿನಿಂದ ಎದ್ದು ಹೋದರು. ಇದನ್ನು ಕಂಡ ತಂದೆ ಹಳೆಯ ಕಲ್ಲುಕ್ವಾರಿಯೊಂದರ ಜಾಗದಲ್ಲಿ 25 ಎಕರೆಯ ಉದ್ಯಾನ ಕಟ್ಟಿಸಿದರು. 2010ರಲ್ಲಿ ತೆರೆದ ಅದರ ಹೆಸರು 'ಮಾರ್ಗನ್ಸ್ ವಂಡರ್‌ಲ್ಯಾಂಡ್'. ಗಾಲಿಕುರ್ಚಿಯ ಸಮೇತ ಹತ್ತಬಹುದಾದ ಉಯ್ಯಾಲೆ, ತಿರುಗುವ ಕುದುರೆಯಾಟ ಅಲ್ಲಿವೆ. ವಿಕಲಚೇತನರಿಗೆ ಪ್ರವೇಶ ಉಚಿತ, ಉಳಿದವರು ಹಣ ಕೊಟ್ಟು ಬರುತ್ತಾರೆ. ಹೀಗಾಗಿ ಖರ್ಚು ಆದಾಯವನ್ನು ಮೀರುತ್ತದೆ. ಅದಕ್ಕಾಗಿ ಹಾರ್ಟ್‌ಮನ್ ಒಂದು ವೃತ್ತಿಪರ ಫುಟ್‌ಬಾಲ್ ತಂಡವನ್ನೇ ಕಟ್ಟಿದರು. 2012ರಲ್ಲಿ ಆಟಕ್ಕಿಳಿದ ಸ್ಯಾನ್ ಆಂಟೋನಿಯೊ ಸ್ಕಾರ್ಪಿಯನ್ಸ್ ತಂಡದ ಲಾಭವೆಲ್ಲ ಉದ್ಯಾನಕ್ಕೆ ಎಂದು ನಿಶ್ಚಯವಾಗಿತ್ತು. ಆ ತಂಡ 2014ರಲ್ಲಿ ತನ್ನ ಲೀಗಿನ ಚಾಂಪಿಯನ್ ಆಯಿತು, ಮರುವರ್ಷ ಮುಚ್ಚಿಯೂ ಹೋಯಿತು. ಉದ್ಯಾನ ಉಳಿದಿದೆ.

ಈ ಕಥೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಈಜುಕೊಳ. ಅಲ್ಲಿ ನೀರಿಗೆ ಕೊರತೆ ಇರಲಿಲ್ಲ. ಮಾರ್ಗನ್‌ಗೆ ಕೊಳಕ್ಕೆ ಇಳಿಯಲು ಅಡ್ಡಿಯೂ ಇರಲಿಲ್ಲ. ಕೊರತೆ ಇದ್ದದ್ದು ಜೊತೆಗಾರರಿಗೆ. ಆಕೆಯ ತಂದೆಗೆ ಅದು ಅರ್ಥವಾಗಿತ್ತು ಎಂದು ಕಾಣುತ್ತದೆ. ಅವರು ವಿಕಲಚೇತನ ಮಕ್ಕಳಿಗೆ ಮಾತ್ರ ಎಂದು ಬೇಲಿ ಹಾಕಿದ ಉದ್ಯಾನ ಕಟ್ಟಲಿಲ್ಲ. ಎಲ್ಲ ಮಕ್ಕಳೂ ಬಂದು ಬೆರೆಯುವ ಜಾಗ ಕಟ್ಟಿದರು.

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ನಮ್ಮ ಧರ್ಮಕೇಂದ್ರದ ಹಿರಿಯರೊಬ್ಬರು ನನಗೆ ನೇರವಾಗಿಯೇ ಹೇಳಿದರು: "ನೀವು ತುಂಬಾ ಯೋಚನೆ ಮಾಡ್ತೀರಿ. ಹಣ ಬರಲಿ, ಇಳಿಜಾರು ಕಟ್ಟೋಣ, ಉಯ್ಯಾಲೆ ಹಾಕೋಣ. ಕೊಟ್ಟವರ ಮನಸ್ಸಿನಲ್ಲಿ ಏನಿತ್ತು ಅಂತ ಉಯ್ಯಾಲೆ ಕೇಳುತ್ತಾ?" ಈ ಮಾತನ್ನು ತಳ್ಳಿಹಾಕುವಂತಿಲ್ಲ. ಆ ತಾಯಿಯೂ ಹಣ ಬೇಡ ಎನ್ನಲಿಲ್ಲ. ಮರಳು ಹಾಸಿದ ಅಂಗಳದಲ್ಲಿ ಗಾಲಿಕುರ್ಚಿಯ ಚಕ್ರ ಹೂತುಹೋಗುತ್ತದೆ. ಗಟ್ಟಿ ನೆಲ ಮಾಡಲು ಹಣ ಬೇಕು. ಬೆನ್ನಿಗೆ ಆಧಾರ, ಸೊಂಟಕ್ಕೆ ಪಟ್ಟಿ ಇರುವ ಉಯ್ಯಾಲೆ ಸಾಮಾನ್ಯ ಉಯ್ಯಾಲೆಗಿಂತ ದುಬಾರಿ. ಬರಿಯ ಪ್ರೀತಿಯಿಂದ ಸಿಮೆಂಟು ಬರುವುದಿಲ್ಲ.

ಆದರೆ ಕೊಡುವುದನ್ನು ಯಾವ ಹೆಸರಿನಿಂದ ಕೊಡುತ್ತೇವೆ ಎಂಬುದು ಸಣ್ಣ ವಿಷಯವಲ್ಲ. ದ್ವಿತೀಯ ವ್ಯಾಟಿಕನ್ ಮಹಾಸಭೆಯು ಶ್ರೀಸಾಮಾನ್ಯರ ಪ್ರೇಷಿತಕಾರ್ಯವನ್ನು ಕುರಿತು 1965ರಲ್ಲಿ ಹೊರಡಿಸಿದ ಆದೇಶದ ಎಂಟನೆಯ ಪರಿಚ್ಛೇದದಲ್ಲಿ ಇದರ ಬಗ್ಗೆ ಸ್ಪಷ್ಟ ಬೋಧನೆಯಿದೆ. ಮೊದಲು ನ್ಯಾಯ ಕೇಳುವುದನ್ನು ಸಲ್ಲಿಸಬೇಕು, ನ್ಯಾಯವಾಗಿ ಒಬ್ಬರಿಗೆ ಸಲ್ಲಬೇಕಾದುದನ್ನು ದಾನವೆಂದು ತೋರಿಸಿ ಕೊಡಬಾರದು ಎಂಬುದು ಅದರ ತಿರುಳು. ನಮ್ಮ ದೇಶದ ಕಾನೂನೂ ಇದನ್ನೇ ಹೇಳುತ್ತದೆ. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮದ 16ನೆಯ ಪ್ರಕರಣದ ಪ್ರಕಾರ, ಸರ್ಕಾರದ ಮಾನ್ಯತೆ ಇರುವ ಶಾಲೆಗಳು ವಿಕಲಚೇತನ ಮಕ್ಕಳನ್ನು ತಾರತಮ್ಯವಿಲ್ಲದೆ ಸೇರಿಸಿಕೊಂಡು ಪಾಠಕ್ಕೂ ಆಟಕ್ಕೂ ಉಳಿದವರಷ್ಟೇ ಅವಕಾಶ ಕೊಡುವಂತೆ ನೋಡಿಕೊಳ್ಳಬೇಕು. ಅಂದರೆ ಆ ಹುಡುಗನಿಗೆ ಅಂಗಳದಲ್ಲಿ ಜಾಗ ಅವನು ಶಾಲೆಗೆ ಸೇರಿದ ದಿನದಿಂದಲೇ ಸಲ್ಲಬೇಕಿತ್ತು. ನಾವು ಹಣ ಕೂಡಿಸುವುದು ಬಾಕಿ ಉಳಿಸಿಕೊಂಡ ಸಾಲವನ್ನು ತೀರಿಸುವುದಕ್ಕೆ. ಸಾಲ ತೀರಿಸುವವನು ಸಾಲ ಕೊಟ್ಟವನನ್ನು ಊರ ಮುಂದೆ ನಿಲ್ಲಿಸಿ, ನೋಡಿ ಇವನಿಗೆ ಎಷ್ಟು ಉಪಕಾರ ಮಾಡುತ್ತಿದ್ದೇನೆ ಎನ್ನುವುದುಂಟೇ? ಮೈಕಿನಲ್ಲಿ ನಾನು ಮಾಡಿದ್ದು ಅದನ್ನೇ.

ಪಾರ್ಶ್ವವಾಯು ರೋಗಿಯನ್ನು ನಾಲ್ವರು ಹೊತ್ತು ತಂದ ಪ್ರಸಂಗವನ್ನು ಸಂತ ಮಾರ್ಕನ ಶುಭಸಂದೇಶದ ಎರಡನೆಯ ಅಧ್ಯಾಯದಲ್ಲಿ ನಾವೆಲ್ಲ ಕೇಳಿದ್ದೇವೆ. ನಾಲ್ವರ ವಿಶ್ವಾಸದ ಬಗ್ಗೆ ಎಷ್ಟೋ ಪ್ರಬೋಧನೆಗಳನ್ನೂ ಕೇಳಿದ್ದೇವೆ. ಬಾಗಿಲಿಗೆ ಅಡ್ಡ ನಿಂತಿದ್ದವರ ಬಗ್ಗೆ ನಾನು ಈಚೆಗೆ ಯೋಚಿಸುತ್ತಿದ್ದೇನೆ. ಅವರು ದುಷ್ಟರೇನಲ್ಲ. ಪ್ರಭುವಿನ ಮಾತು ಕೇಳಲು ಬಂದ ಭಕ್ತರು. ಪ್ರಭುವಿನ ಕಡೆ ಮುಖ ಮಾಡಿ ನಿಂತಿದ್ದರಿಂದಲೇ ಬೆನ್ನ ಹಿಂದೆ ಯಾರು ಬಂದರೆಂದು ಅವರಿಗೆ ಕಾಣಲಿಲ್ಲ. ಕೊನೆಗೆ ಮನೆಯ ಮಾಡನ್ನೇ ಬಿಚ್ಚಬೇಕಾಯಿತು. ಮಾಡು ಹಾಳಾಯಿತೆಂದು ಯೇಸುಸ್ವಾಮಿ ಆಕ್ಷೇಪಿಸಲಿಲ್ಲ. ಸಂತ ಲೂಕನ ಹದಿನಾಲ್ಕನೆಯ ಅಧ್ಯಾಯದಲ್ಲಿ ಔತಣ ಮಾಡುವವನಿಗೆ ಅವರು ಹೇಳುವುದನ್ನೂ ಗಮನಿಸಿ. ಬಡವರಿಗೆ, ಕುಂಟರಿಗೆ, ಕುರುಡರಿಗೆ ಬುತ್ತಿ ಕಟ್ಟಿ ಕಳಿಸು ಎಂದು ಅವರು ಹೇಳುವುದಿಲ್ಲ. ಪಂಕ್ತಿಗೆ ಕರೆ ಎನ್ನುತ್ತಾರೆ.

ಈ ವ್ಯತ್ಯಾಸ ನಮಗೆ, ಈ ಗಡಿ ಸೀಮೆಯ ಕನ್ನಡ ಕಥೋಲಿಕರಿಗೆ, ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಹೊಸೂರು ಸೀಮೆಯಲ್ಲಿ ನಾವು ತಲೆಮಾರುಗಳಿಂದ ಇದ್ದೇವೆ. ಹಬ್ಬದ ದಿನ ಎಲ್ಲ ತೀರ್ಮಾನವಾದ ಮೇಲೆ ಯಾರೋ ನೆನಪಿಸಿಕೊಂಡು, ಕನ್ನಡದವರದ್ದೂ ಒಂದು ಹಾಡು ಇರಲಿ ಎಂದಾಗ ನಾವು ಹಾಡಿದ್ದೇವೆ. ಸಂತೋಷದಿಂದಲೇ ಹಾಡಿದ್ದೇವೆ. ಆದರೂ ಮನಸ್ಸಿನ ಮೂಲೆಯಲ್ಲಿ ಏನೋ ಒಂದು ಚುಚ್ಚಿದ್ದು ಸುಳ್ಳಲ್ಲ. ಹೋದ ವರ್ಷ ತಮಿಳು ಗಾಯನ ತಂಡದವರು ಪಟ್ಟಿ ಮಾಡುವ ಮೊದಲೇ ಬಂದು, ಕಾಣಿಕೆ ಗೀತೆ ನಿಮ್ಮದು, ಯಾವುದೆಂದು ನೀವೇ ಹೇಳಿ, ನಾವೂ ಕಲಿತು ಹಾಡುತ್ತೇವೆ ಎಂದರು. ಹಾಡಿದ್ದು ಆಗಲೂ ಒಂದೇ ಹಾಡು. ಆದರೆ ಆ ದಿನ ನಾವು ಅತಿಥಿಗಳಾಗಿರಲಿಲ್ಲ. ಇದನ್ನು ಅನುಭವಿಸಿ ಬಲ್ಲ ನಾವು ಒಂದು ಮಗುವಿಗೆ ಕೊನೆಯಲ್ಲಿ ನೆನಪಾದ ಜಾಗವನ್ನು ಕೊಟ್ಟು ತೃಪ್ತರಾಗಬಾರದು.

ಹಾಗಾದರೆ ಮಾಡಬೇಕಾದುದೇನು? ಮೊದಲನೆಯದು, ಕೇಳುವುದು. ಪಂದ್ಯ ಮುಗಿದ ಮೇಲೆ ಹಣವನ್ನು ಹೇಗೆ ಖರ್ಚು ಮಾಡಬೇಕೆಂದು ಸಭೆ ಸೇರಿದಾಗ ಆ ತಾಯಿಯನ್ನೂ ಕರೆದೆವು. ಉಯ್ಯಾಲೆ ಯಾವ ಬಣ್ಣದ್ದಿರಬೇಕು ಎಂದು ನಾವು ಚರ್ಚಿಸುತ್ತಿದ್ದೆವು. ಅವರು ಬಹಳ ಹೊತ್ತು ಸುಮ್ಮನಿದ್ದು ಆಮೇಲೆ ಹೇಳಿದರು: "ಮೊದ್ಲು ಕಕ್ಕಸಿನ ಬಾಗಿಲು ಅಗಲ ಮಾಡ್ಸಿ. ಕುರ್ಚಿ ಒಳಕ್ಕೆ ಹೋಗಲ್ಲ. ಅದಕ್ಕೇ ಅವನು ಸ್ಕೂಲಲ್ಲಿ ನೀರೇ ಕುಡಿಯಲ್ಲ." ನಾನು ಅವನಿಗೆ ಎರಡು ವರ್ಷ ಪಾಠ ಮಾಡಿದ್ದೇನೆ. ನನಗೆ ಇದು ಗೊತ್ತಿರಲಿಲ್ಲ. ಸಭೆಯಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ. ಫುಟ್‌ಬಾಲಿನ ಹಣದಲ್ಲಿ ಮೊದಲು ಆದ ಕೆಲಸ ಆ ಬಾಗಿಲು.

ನಮ್ಮಿಂದ ಸುಮಾರು 40 ಕಿಲೋಮೀಟರ್ ದೂರದ ಬೆಂಗಳೂರಿನಲ್ಲಿ 'ಕಿಲಿಕಿಲಿ' ಎಂಬ ಸಂಸ್ಥೆ ಇದೇ ದಾರಿಯಲ್ಲಿ ನಡೆದಿದೆ. ಮಕ್ಕಳ ನಗುವಿನ ಸದ್ದೇ ಅದರ ಹೆಸರು. ಅದನ್ನು ಶುರುಮಾಡಿದವರು ವಿಕಲಚೇತನ ಮಕ್ಕಳ ತಂದೆತಾಯಿಯರು. ಅವರು ಬೇರೆ ಜಾಗ ಕೊಡಿ ಎಂದು ಕೇಳಲಿಲ್ಲ. ನಗರಪಾಲಿಕೆಯ ಜೊತೆ ಸೇರಿ ಕೋಲ್ಸ್ ಪಾರ್ಕಿನಂಥ ಸಾರ್ವಜನಿಕ ಉದ್ಯಾನಗಳಲ್ಲೇ, ಎಲ್ಲರ ಮಕ್ಕಳೂ ಬರುವಲ್ಲೇ, ತಮ್ಮ ಮಕ್ಕಳೂ ಆಡುವಂತೆ ಮಾಡಿಸಿದರು. ಯಾವ ಮಗುವಿಗೆ ಏನು ಅಡ್ಡಿ ಎಂಬುದು ಆ ಮಗುವನ್ನು ದಿನಾ ಎತ್ತಿ ಇಳಿಸುವವರಿಗೆ ಗೊತ್ತಿರುವಷ್ಟು ನಕ್ಷೆ ಬರೆಯುವವರಿಗೆ ಗೊತ್ತಿರುವುದಿಲ್ಲ.

ಎರಡನೆಯದು ಇನ್ನೂ ಕಷ್ಟದ್ದು. ಆಟದ ನಿಯಮವನ್ನೇ ಮುಟ್ಟಬೇಕಾಗುತ್ತದೆ. ಹಾಗೆ ಮಾಡಿದರೆ ಅದು ಆಟವೇ ಅಲ್ಲ, ಕನಿಕರ ಎಂದು ಹುಡುಗರು ಮುಖ ಸಿಂಡರಿಸಬಹುದು. ಆದರೆ ಅಂಧರ ಫುಟ್‌ಬಾಲನ್ನು ನೋಡಿ. 2004ರ ಅಥೆನ್ಸ್ ಕೂಟದಿಂದ ಅದು ಪ್ಯಾರಾಲಿಂಪಿಕ್ಸ್‌ನಲ್ಲಿದೆ. ಒಂದು ಕಡೆಗೆ ಐವರು. ಚೆಂಡಿನೊಳಗೆ ಸದ್ದು ಮಾಡುವ ಗುಂಡುಗಳು. ಗೋಲಿ ಕಣ್ಣು ಕಾಣುವವನಾಗಿರಬಹುದು. ಉಳಿದವರೆಲ್ಲ ಕಣ್ಣಿಗೆ ಪಟ್ಟಿ ಕಟ್ಟಿಕೊಳ್ಳುತ್ತಾರೆ, ಅಲ್ಪಸ್ವಲ್ಪ ಕಾಣುವವನಿಗೆ ಹೆಚ್ಚುಗಾರಿಕೆ ಇರಬಾರದೆಂದು. ಆಡುವವರಿಗೆ ಚೆಂಡಿನ ಸದ್ದು ಕೇಳಬೇಕಾದ್ದರಿಂದ ಪ್ರೇಕ್ಷಕರು ಆಟ ನಡೆಯುವಷ್ಟು ಹೊತ್ತೂ ಮೌನವಾಗಿ ಕೂರಬೇಕು. ಗೋಲು ಬಿದ್ದಾಗ ಮಾತ್ರ ಕೂಗಬಹುದು. ಅಲ್ಲಿ ಯಾರೂ ಯಾರಿಗೂ ಕನಿಕರದಿಂದ ಗೋಲು ಬಿಟ್ಟುಕೊಡುವುದಿಲ್ಲ. ಬಲವಾದ ಪೈಪೋಟಿಯೇ ನಡೆಯುತ್ತದೆ. ಸಾವಿರಾರು ಜನ ತಮ್ಮ ಗದ್ದಲವನ್ನು ತಡೆದುಕೊಂಡಿದ್ದರಿಂದ ಹತ್ತು ಜನರ ಆಟ ಸಾಧ್ಯವಾಗುತ್ತದೆ. ನನಗಂತೂ ಆ ಮೌನ ಡಬ್ಬಿಗೆ ಹಾಕುವ ಹಣಕ್ಕಿಂತ ದೊಡ್ಡ ಕಾಣಿಕೆಯಾಗಿ ಕಾಣುತ್ತದೆ.

ಮುಂದಿನ ಪಂದ್ಯದಲ್ಲಿ ಆ ಹುಡುಗನಿಂದ ಬಹುಮಾನ ಕೊಡಿಸೋಣ ಎಂದು ಯಾರೋ ಸಲಹೆ ಕೊಟ್ಟರು. ಒಳ್ಳೆಯ ಮನಸ್ಸಿನ ಸಲಹೆಯೇ. ಆದರೆ ಹನ್ನೊಂದು ವರ್ಷದ ಹುಡುಗನಿಗೆ ಗಣ್ಯವ್ಯಕ್ತಿಯಾಗುವ ಆಸೆ ಇರುವುದಿಲ್ಲ. ದೊಡ್ಡವರು ಹೀಗೆ ಯೋಚಿಸುತ್ತಿರುವಾಗ ಮಕ್ಕಳೇ ಒಂದು ದಾರಿ ಹುಡುಕಿಕೊಂಡರು. ಶಾಲೆಯ ಹಿಂದಿನ ಸಿಮೆಂಟು ಅಂಗಳದಲ್ಲಿ ಮಧ್ಯಾಹ್ನದ ಬಿಡುವಿನಲ್ಲಿ ಪ್ಲಾಸ್ಟಿಕ್ ಚೆಂಡಿನ ಆಟ. ಎರಡು ಸ್ಕೂಲು ಬ್ಯಾಗಿನ ನಡುವೆ ಗೋಲು. ಅವನು ಗೋಲಿ. ಚೆಂಡು ಗಾಲಿಗೆ ತಗುಲಿದರೂ ಹಿಡಿದ ಹಾಗೆ. ಸೀಮೆಸುಣ್ಣದ ಗೆರೆ ದಾಟಿ ಬಂದು ಯಾರೂ ಒದೆಯುವಂತಿಲ್ಲ. ಅವನು ಹೇಳದೆ ಕುರ್ಚಿಯನ್ನು ಯಾರೂ ತಳ್ಳುವಂತಿಲ್ಲ. ಈ ಯಾವ ನಿಯಮವನ್ನೂ ನಾವು ಮಾಡಿಕೊಟ್ಟದ್ದಲ್ಲ.

ಒಂದು ದಿನ ನಾನು ವರಾಂಡದಲ್ಲಿ ನಿಂತು ನೋಡುತ್ತಿದ್ದೆ. ಮಗನಿಗೆ ಊಟ ತಂದಿದ್ದ ಆ ತಾಯಿಯೂ ಪಕ್ಕದಲ್ಲಿದ್ದರು. ಚೆಂಡು ಅವನ ಕೈ ತಪ್ಪಿ ಬ್ಯಾಗುಗಳ ನಡುವೆ ಹೋಯಿತು. ಅವನ ತಂಡದ ಹುಡುಗನೊಬ್ಬ ತಲೆ ಮೇಲೆ ಕೈಯಿಟ್ಟುಕೊಂಡು, "ಎಲ್ಲಿ ನೋಡ್ತಿದ್ದೀಯೋ! ಬಿಟ್ಬಿಟ್ಟಲ್ಲೋ!" ಎಂದು ಕಿರುಚಿದ. ಇವನೂ ಬಿಡಲಿಲ್ಲ: "ಬಿಸಿಲು ಕಣ್ಣಿಗೆ ಹೊಡೀತು ಕಣೋ! ನೀನು ಮೊದ್ಲು ಅವನ್ನ ತಡೀಬೇಕಿತ್ತು!" ಗದರಿಸಲು ನಾನು ಎರಡು ಹೆಜ್ಜೆ ಮುಂದಿಟ್ಟೆ. ತಾಯಿ ಕೈ ಅಡ್ಡ ಹಿಡಿದರು. "ಬಿಡಿ ಮೇಷ್ಟ್ರೇ," ಎಂದರು. "ಬೈಸ್ಕೊಳ್ಲಿ."

ಅವರು ನಗುತ್ತಿದ್ದರು. ಮಗ ಆಟಕ್ಕೂ ಲೆಕ್ಕಕ್ಕೂ ಸೇರಿದ್ದನ್ನು ನನಗಿಂತ ಮೊದಲು ಅವರು ಕಂಡುಕೊಂಡಿದ್ದರು. ಲೆಕ್ಕಕ್ಕಿಲ್ಲದವನು ಗೋಲು ಬಿಟ್ಟರೆ ಯಾರೂ ಬೈಯುವುದಿಲ್ಲ.

ಬಂಧುಗಳೇ, ಈ ವರ್ಷ ಗಟ್ಟಿ ನೆಲ ಮತ್ತು ಉಯ್ಯಾಲೆಯ ಕೆಲಸ ಆಗಬೇಕಾಗಿದೆ. ಅದಕ್ಕೆ ಹಣ ಸಾಲದು, ಆದ್ದರಿಂದ ಟಿಕೆಟ್ ಕೊಳ್ಳಿ. ಮೈಕಿನಲ್ಲಿ ಈ ಸಲ ತಂಡಗಳ ಹೆಸರು ಮತ್ತು ಗೋಲಿನ ಲೆಕ್ಕ ಮಾತ್ರ ಕೇಳಿಸುತ್ತದೆ, ಅದು ನನ್ನ ಮಾತು. ಸಿಮೆಂಟು ಅಂಗಳದ ಆಟವೂ ಪಂದ್ಯಾವಳಿಯ ಪಟ್ಟಿಯಲ್ಲಿ ಸೇರಿದೆ. ಅದರ ನಿಯಮಗಳನ್ನು ಮಕ್ಕಳೇ ಬರೆದು ಕೊಟ್ಟಿದ್ದಾರೆ. ಬರುವ ಭಾನುವಾರ ಬಲಿಪೂಜೆಯ ನಂತರ ಶಾಲೆಯ ಸಭಾಂಗಣದಲ್ಲಿ ಸಿದ್ಧತೆಯ ಸಭೆ ಇದೆ. ನಿಮ್ಮ ಮನೆಯಲ್ಲಾಗಲಿ, ಬೀದಿಯಲ್ಲಾಗಲಿ ಆಟಕ್ಕೆ ಹೊರಗುಳಿದ ಮಗುವಿದ್ದರೆ ಅದು ಯಾವ ಭಾಷೆಯದಾದರೂ, ಯಾವ ಮತದ್ದಾದರೂ ಕರೆತನ್ನಿ. ಮುಂದಿನ ಬಾಗಿಲಿಗೆ ಐದು ಮೆಟ್ಟಿಲುಗಳಿವೆ. ಅವಕ್ಕೆ ಇನ್ನೂ ಇಳಿಜಾರು ಆಗಿಲ್ಲ. ಅಲ್ಲಿಯವರೆಗೆ ಬಾವಿಯ ಕಡೆಯ ಬಾಗಿಲನ್ನು ತೆರೆದಿಡುತ್ತೇವೆ. ಎಲ್ಲರೂ ಅದರಿಂದಲೇ ಬನ್ನಿ.